ಕಾಲೇಜು ಫೀಸಿಗೆ ದುಡ್ಡು ಎಲ್ಲಿಂದ: ಸೀಟು, ಸ್ಕಾಲರ್‌ಶಿಪ್, ಸಾಲ, ಯಾವುದನ್ನು ಮೊದಲು ನೋಡಬೇಕು?

ಸಿಇಟಿ ರ‍್ಯಾಂಕ್ ಬಂದ ವಾರ ಎಲ್ಲರ ಮನೆಯಲ್ಲೂ ಒಂದೇ ಮಾತು. "ಎಲ್ಲಾದ್ರೂ ಸೇರಿಸೋಣ, ಆಮೇಲೆ ಸ್ಕಾಲರ್‌ಶಿಪ್ ಹಾಕಿದ್ರಾಯ್ತು." ಈ ಮಾತಿನಲ್ಲಿ ಕ್ರಮವೇ ತಿರುಗುಮುರುಗಾಗಿದೆ. ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಸೀಟು ಅನ್ನುವುದರ ಮೇಲೆ ಯಾವ ನೆರವು ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನುವುದು ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಸೀಟು ತಗೊಂಡ ಮೇಲೆ ಹುಡುಕಲು ಕೂತರೆ ಉಳಿಯುವುದು ಸಾಲ ಮಾತ್ರ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಕರ್ನಾಟಕದಲ್ಲಿ ಎಂಜಿನಿಯರಿಂಗ್, ಡಿಗ್ರಿ, ಡಿಪ್ಲೊಮಾ ಸೇರುವವರಿಗೆ. ನನ್ನ ಲೆಕ್ಕ ಸರಳ. ಕಟ್ಟಲೇಬೇಕಿಲ್ಲದ ಫೀಸು ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ಅಕೌಂಟಿಗೆ ಬರುವ ದುಡ್ಡು. ಅದರ ನಂತರ ಕಡಿಮೆ ಬಡ್ಡಿಯ ಸಾಲ. ಮಾಮೂಲಿ ಬ್ಯಾಂಕ್ ಸಾಲ ಎಲ್ಲಕ್ಕಿಂತ ಕೊನೆಗೆ.

ಸೀಟೇ ದೊಡ್ಡ ಸ್ಕಾಲರ್‌ಶಿಪ್

ಎಂಜಿನಿಯರಿಂಗ್‌ನಲ್ಲಿ ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸರ್ಕಾರಿ ಕಾಲೇಜಿನ ಸೀಟು ಸಿಕ್ಕರೆ ವರ್ಷಕ್ಕೆ ಸುಮಾರು 40-50 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಒಂದು ಲಕ್ಷದ ಆಸುಪಾಸು. ಖಾಸಗಿ ಕಾಲೇಜುಗಳೇ ಸೇರಿ ನಡೆಸುವ ಪರೀಕ್ಷೆಯ ಮೂಲಕ ಸಿಗುವ ಕಾಮೆಡ್‌ಕೆ ಸೀಟು ಎರಡು ಲಕ್ಷದ ಆಚೀಚೆ, ಹೆಸರಿರುವ ಕಾಲೇಜಾದರೆ ಅದಕ್ಕಿಂತ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿಗೆ ಬೆಲೆ ಕಟ್ಟುವುದು ಕಾಲೇಜಿನ ಹೆಸರು ಮತ್ತು ಬ್ರಾಂಚು. ಪ್ರತಿ ವರ್ಷ ಈ ಅಂಕಿ ಸ್ವಲ್ಪ ಬದಲಾಗುತ್ತದೆ, ಅಂತರ ಮಾತ್ರ ಹಾಗೇ ಇರುತ್ತದೆ.

ಸರ್ಕಾರಿ ಸೀಟಿಗೂ ಕಾಮೆಡ್‌ಕೆ ಸೀಟಿಗೂ ವರ್ಷಕ್ಕೆ ಒಂದೂವರೆ ಲಕ್ಷ ವ್ಯತ್ಯಾಸ ಅಂತಿಟ್ಟುಕೊಂಡರೂ ನಾಲ್ಕು ವರ್ಷಕ್ಕೆ 6 ಲಕ್ಷ. ಕೆಳಗೆ ಹೇಳುವ ಸರ್ಕಾರಿ ಸ್ಕಾಲರ್‌ಶಿಪ್‌ಗಳಲ್ಲಿ ದೊಡ್ಡದು ಅನ್ನಿಸಿಕೊಂಡಿರುವ, ಹೆಣ್ಣುಮಕ್ಕಳಿಗಿರುವ ಪ್ರಗತಿಯೂ ನಾಲ್ಕು ವರ್ಷಕ್ಕೆ ಕೊಡುವುದು ಒಟ್ಟು 2 ಲಕ್ಷ. ಹಾಗಾಗಿ ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ, ಅಂದರೆ ಆಪ್ಷನ್ ಎಂಟ್ರಿ ಮಾಡುವಾಗ, ಹಾಸನ, ಚಾಮರಾಜನಗರ, ಹಾವೇರಿ, ಚಳ್ಳಕೆರೆ, ಕಾರವಾರ, ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳನ್ನು "ಅಯ್ಯೋ ಅಲ್ಲಿಗಾ" ಅಂತ ಪಟ್ಟಿಯಿಂದ ತೆಗೆಯುವ ಮುಂಚೆ ಈ ಲೆಕ್ಕ ಒಂದ್ಸಲ ಹಾಕಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಅಂತ ಇನ್ನೊಂದು ಖರ್ಚು ಬೇರೆ. ಊರ ಹತ್ತಿರದ ಕಾಲೇಜಾದರೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸೂ ಉಚಿತ. ಇದೂ ಒಂದು ಬಗೆಯ ನೆರವೇ, ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಷ್ಟೆ.

ಇನ್ನೊಂದು ವಿಷಯ ಮನೆಯವರಿಗೆ ಸ್ಪಷ್ಟವಾಗಿ ಹೇಳಿಬಿಡಿ. ಸರ್ಕಾರದ ಶುಲ್ಕ ಮರುಪಾವತಿ ಅನ್ನುವುದು ಮೆರಿಟ್ ಮೇಲೆ, ಸರ್ಕಾರಿ ಕೋಟಾದಲ್ಲಿ ಸಿಕ್ಕ ಸೀಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮ್ಯಾನೇಜ್‌ಮೆಂಟ್ ಸೀಟು ತಗೊಂಡು ಅದನ್ನು ನಂಬಿ ಕೂರಬೇಡಿ. ಅಡ್ಮಿಷನ್ ಕೌಂಟರಿನಲ್ಲಿ "ಸ್ಕಾಲರ್‌ಶಿಪ್ ಎಲ್ಲಾ ಬರುತ್ತೆ ಸರ್" ಅಂದರೆ ಯಾವ ಯೋಜನೆ, ಎಷ್ಟು ರೂಪಾಯಿ, ಈ ಬಗೆಯ ಸೀಟಿನವರಿಗೆ ಹೋದ ವರ್ಷ ಬಂದಿದೆಯಾ ಅಂತ ಮೂರು ಪ್ರಶ್ನೆ ಕೇಳಿ.

ಎಸ್‌ಎನ್‌ಕ್ಯೂ: ಜನ ಮರೆಯುವ ದಾರಿ

ಜಾತಿ ಆಧಾರದ ಯಾವ ಯೋಜನೆಗೂ ಬರದ, ಆದರೆ ಕೈಯಲ್ಲಿ ಅಷ್ಟೇನೂ ಇಲ್ಲದ ಮನೆಗಳಿಗೆ ನನ್ನ ಮೊದಲ ಸಲಹೆ ಇದೇ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಬೋಧನಾ ಶುಲ್ಕ ಮನ್ನಾ ಯೋಜನೆ ಇದು. ನಮ್ಮಲ್ಲಿ ಸೂಪರ್‌ನ್ಯೂಮರರಿ ಕೋಟಾ, ಎಲ್ಲರ ಬಾಯಲ್ಲಿ ಎಸ್‌ಎನ್‌ಕ್ಯೂ. ಕಾಲೇಜಿಗೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟು. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗೆ ಇರಬೇಕು. ಜಾತಿ ಯಾವುದಾದರೂ ಸರಿ.

ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ. ಯೂನಿವರ್ಸಿಟಿ ಫೀಸು, ಇತರ ಶುಲ್ಕ ಅಂತ ಕಾಲೇಜು ಹೇಳುವುದನ್ನೆಲ್ಲ ಕಟ್ಟಲೇಬೇಕು. ಸಿಇಟಿ ಅರ್ಜಿಯಲ್ಲೇ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ ಕೇಳಿರಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಕಷ್ಟ. ಈ ಯೋಜನೆಯ ನಿಯಮದಲ್ಲಿ ಮುಂದೆ ಕಾಲೇಜು, ಕೋರ್ಸು ಬದಲಿಸಲು ಅವಕಾಶವೂ ಇಲ್ಲ. ಸಿವಿಲ್‌ಗೆ ಸೇರಿ ಎರಡನೇ ವರ್ಷ ಕಂಪ್ಯೂಟರ್ ಸೈನ್ಸ್‌ಗೆ ಹಾರೋಣ ಅಂತ ಯೋಚಿಸುವವರಿಗೆ ಇದು ಆಗಿಬರುವುದಿಲ್ಲ.

ಹೋಲಿಸಿದರೆ, ಸಾಮಾನ್ಯ ಕೋಟಾದಲ್ಲಿ ಇನ್ನೂ ಒಳ್ಳೆಯ ಕಾಲೇಜು ಸಿಗುತ್ತಿದ್ದರೂ ಮನೆಯ ಸ್ಥಿತಿ ನಿಜವಾಗಿ ಬಿಗಿಯಾಗಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾಲೇಜಿನ ಎಸ್‌ಎನ್‌ಕ್ಯೂ ಸೀಟನ್ನೇ ನಾನು ಆರಿಸುತ್ತೇನೆ. ಸ್ಕಾಲರ್‌ಶಿಪ್ ಹಾಗೆ ಇದು ಈ ವರ್ಷ ಬಂದು ಮುಂದಿನ ವರ್ಷ ಕಾಯಿಸುವಂಥದ್ದಲ್ಲ.

ಹಾಸ್ಟೆಲ್ಲೋ, ವಿದ್ಯಾಸಿರಿಯೋ?

ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಊಟ, ವಸತಿ ಉಚಿತ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತ ವಿದ್ಯಾಸಿರಿ ಬಂತು. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು, ಅಂದರೆ ವರ್ಷಕ್ಕೆ 15,000 ಅನ್ನುವ ಲೆಕ್ಕದಲ್ಲಿ ಶುರುವಾದ ಯೋಜನೆ ಅದು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ದುಡ್ಡು ಕೈಗೆ ಬರುತ್ತದಲ್ಲಾ ಅಂತ ಕೆಲವರು ವಿದ್ಯಾಸಿರಿಯೇ ಮೇಲು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈಗ 1,500 ರೂಪಾಯಿಗೆ ಯಾವ ಊರಿನಲ್ಲಿ ತಿಂಗಳ ಊಟ, ರೂಮು ಎರಡೂ ಆಗುತ್ತದೆ ಹೇಳಿ? ಹಾಸ್ಟೆಲ್ ಊಟದ ಬಗ್ಗೆ ನೂರು ದೂರು ಇರಬಹುದು, ಆದರೆ ತಿಂಗಳ ಮೊದಲ ತಾರೀಕು ಬಾಡಿಗೆಗೆ ಪರದಾಡುವ ಕಷ್ಟ ಇಲ್ಲ. ಕಾಲೇಜಿನಿಂದ ಹಾಸ್ಟೆಲ್ ತುಂಬಾ ದೂರವಿದ್ದರೆ, ನೆಂಟರ ಮನೆಯಲ್ಲಿ ಉಳಿಯುವ ಅನುಕೂಲ ಇದ್ದರೆ ಮಾತ್ರ ವಿದ್ಯಾಸಿರಿ ಲಾಭ.

ಎಸ್‌ಎಸ್‌ಪಿ ಮತ್ತು ಎನ್‌ಎಸ್‌ಪಿ

ಇವೆರಡನ್ನೂ ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ಎಸ್‌ಎಸ್‌ಪಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್. ಅಲ್ಲಿ ಒಂದು ಅರ್ಜಿ ಹಾಕಿದರೆ ನಿಮ್ಮ ಜಾತಿ, ಆದಾಯ, ಕೋರ್ಸು ನೋಡಿ ಆಯಾ ಇಲಾಖೆಗೆ ಹೋಗುತ್ತದೆ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ ಎಲ್ಲ ಅಲ್ಲೇ. ಎನ್‌ಎಸ್‌ಪಿ ಕೇಂದ್ರ ಸರ್ಕಾರದ್ದು. ಅಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಬೇಕು, ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣವೂ ಆಗಬೇಕು.

ಎಸ್‌ಸಿ, ಎಸ್‌ಟಿಯವರಿಗೆ ಕೇಂದ್ರದ ಮೆಟ್ರಿಕ್ ನಂತರದ ಯೋಜನೆಯ ಆದಾಯ ಮಿತಿ 2.5 ಲಕ್ಷ. ಇದರೊಳಗೆ ಬರುವವರಿಗೆ ಬೇರೆ ಯಾವುದನ್ನೂ ಹೋಲಿಸಿ ನೋಡುವ ಅಗತ್ಯವೇ ಇಲ್ಲ, ಎಸ್‌ಎಸ್‌ಪಿ ಅರ್ಜಿಯೇ ಮೊದಲು. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಒಂದು ಮಿತಿ, 2ಎ, 3ಎ, 3ಬಿಗೆ ಇನ್ನೊಂದು ಅಂತ ಇರುತ್ತದೆ. ಆಯಾ ವರ್ಷದ ಪ್ರಕಟಣೆ ನೋಡಿಕೊಂಡೇ ಮುಂದುವರಿಯಿರಿ, ಪಕ್ಕದ ಮನೆಯವರು ಎರಡು ವರ್ಷದ ಹಿಂದೆ ಹೇಳಿದ ಅಂಕಿ ಬೇಡ.

ಎನ್‌ಎಸ್‌ಪಿಯಲ್ಲಿ ಎರಡು ಮುಖ್ಯ. ಒಂದು, ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ. ನಿಮ್ಮ ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್ ಮೇಲಿರಬೇಕು. ಶೇ 80 ಅಂಕ ಬಂದ ಮಾತ್ರಕ್ಕೆ ಆಯಿತು ಅಂತಲ್ಲ, ನಿಮ್ಮ ಬೋರ್ಡಿನಲ್ಲಿ ನಿಮ್ಮ ವಿಭಾಗದಲ್ಲಿ ಪಾಸಾದವರಲ್ಲಿ ಮೇಲಿನ ಐದನೇ ಒಂದು ಪಾಲಿನಲ್ಲಿ ಇರಬೇಕು ಅಂತ. ಆದಾಯ ಮಿತಿ 4.5 ಲಕ್ಷ. ಮೊದಲ ಮೂರು ವರ್ಷ ತಲಾ 12,000, ನಾಲ್ಕನೇ ವರ್ಷ 20,000. ಬಿಇ ಓದುವವರಿಗೆ ಒಟ್ಟು 56,000 ಆಗುತ್ತದೆ. ಪ್ರತಿ ವರ್ಷ ರಿನ್ಯೂವಲ್ ಮಾಡಬೇಕು, ಶೇ 50 ಅಂಕ ಮತ್ತು ಶೇ 75 ಹಾಜರಿ ಇರಬೇಕು.

ಎರಡನೆಯದು ಎಐಸಿಟಿಇಯ ಪ್ರಗತಿ. ತಾಂತ್ರಿಕ ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000. ಲ್ಯಾಟರಲ್ ಎಂಟ್ರಿಯವರು, ಅಂದರೆ ನೇರ ಎರಡನೇ ವರ್ಷಕ್ಕೆ ಸೇರುವವರು, ಆ ವರ್ಷವೇ ಹಾಕಬಹುದು. ಕುಟುಂಬದ ಆದಾಯ 8 ಲಕ್ಷದೊಳಗೆ, ಒಂದು ಮನೆಯಿಂದ ಗರಿಷ್ಠ ಇಬ್ಬರು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಹುಡುಗ ಹುಡುಗಿಯರಿಗೆ ಇಷ್ಟೇ ಮೊತ್ತದ ಸಕ್ಷಮ್ ಇದೆ. ಇವೆರಡರ ಬಗ್ಗೆ ಎಷ್ಟೋ ಕಾಲೇಜುಗಳಲ್ಲಿ ನೋಟಿಸ್ ಬೋರ್ಡಿನಲ್ಲೂ ಹಾಕಿರುವುದಿಲ್ಲ.

ಕೇಂದ್ರ ವಲಯದ್ದು, ಪ್ರಗತಿ ಎರಡಕ್ಕೂ ಅರ್ಹತೆ ಇರುವ ಹುಡುಗಿ ಯಾವುದನ್ನು ಇಟ್ಟುಕೊಳ್ಳಬೇಕು? ಪ್ರಗತಿಯನ್ನೇ, ಯೋಚನೆಯೇ ಬೇಡ, ಒಂದು ಕಡೆ 56,000, ಇನ್ನೊಂದು ಕಡೆ 2 ಲಕ್ಷ. ಒಂದು ಸರ್ಕಾರಿ ಸ್ಕಾಲರ್‌ಶಿಪ್ ತಗೊಳ್ಳುತ್ತಾ ಇನ್ನೊಂದನ್ನು ತಗೊಳ್ಳಬಾರದು ಅನ್ನುವ ಷರತ್ತು ಎರಡರಲ್ಲೂ ಇದೆ. ಪ್ರಗತಿಗೆ ಆಯ್ಕೆ ಮೆರಿಟ್ ಮೇಲೆ, ಸಂಖ್ಯೆಯೂ ಸೀಮಿತ. ಬಿಎ, ಬಿಕಾಂ, ಬಿಎಸ್ಸಿ ಓದುವವರಿಗೆ ಪ್ರಗತಿ ಇಲ್ಲವೇ ಇಲ್ಲ, ಅವರಿಗೆ ಕೇಂದ್ರ ವಲಯದ್ದೇ ಗತಿ.

ಕಾಲದ ಲೆಕ್ಕವನ್ನೂ ಹೇಳಬೇಕು. ಫೀಸು ಕಟ್ಟುವುದು ಅಡ್ಮಿಷನ್ ದಿನ. ಸ್ಕಾಲರ್‌ಶಿಪ್ ದುಡ್ಡು ಬರುವುದು ಎಷ್ಟೋ ತಿಂಗಳ ಮೇಲೆ, ಕೆಲವು ಸಲ ಮುಂದಿನ ವರ್ಷ. ಹಾಗಾಗಿ ಮೊದಲ ವರ್ಷದ ಫೀಸಿಗೆ ಅದನ್ನು ಲೆಕ್ಕ ಹಾಕಲೇಬೇಡಿ. ಎರಡನೇ ವರ್ಷದ ಫೀಸಿಗೆ ಆಗುತ್ತದೆ ಅಂದುಕೊಂಡರೆ ನಿರಾಸೆ ಕಡಿಮೆ.

ಖಾಸಗಿ ಫೌಂಡೇಶನ್‌ಗಳು

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪಾಸಾದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಬಿಡಲೇಬಾರದು. ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದವರಿಗೆ ವರ್ಷಕ್ಕೆ 30,000. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಎರಡೂ ಸರ್ಕಾರಿ ಸಂಸ್ಥೆಯಲ್ಲೇ ಆಗಿರಬೇಕು ಅನ್ನುವುದು ಮುಖ್ಯ ಷರತ್ತು. ಬಿಎ ಓದುವವರಿಗೂ ಸಿಗುತ್ತದೆ, ಅದೇ ಇದರ ದೊಡ್ಡ ಗುಣ.

ಇನ್ಫೋಸಿಸ್ ಫೌಂಡೇಶನ್‌ನ ಸ್ಟೆಮ್ ಸ್ಟಾರ್ಸ್ ವಿಜ್ಞಾನ, ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ. ವರ್ಷಕ್ಕೆ 1 ಲಕ್ಷದವರೆಗೆ, ಆದಾಯ 8 ಲಕ್ಷದೊಳಗೆ. ರಿಲಯನ್ಸ್ ಫೌಂಡೇಶನ್‌ನದ್ದು ಹುಡುಗ ಹುಡುಗಿ ಇಬ್ಬರಿಗೂ, ಡಿಗ್ರಿಯ ಪೂರ್ತಿ ಅವಧಿಗೆ ಸೇರಿ 2 ಲಕ್ಷದವರೆಗೆ. ಪಿಯುಸಿಯಲ್ಲಿ ಶೇ 60 ಇರಬೇಕು, ಆನ್‌ಲೈನ್ ಪರೀಕ್ಷೆಯೂ ಇದೆ. ಆದಾಯ ಮಿತಿ 15 ಲಕ್ಷ, ಆದರೆ 2.5 ಲಕ್ಷದೊಳಗಿನವರಿಗೆ ಆದ್ಯತೆ. ದೇಶದಾದ್ಯಂತ ಸ್ಪರ್ಧೆ ಇರುವ ಕಾರಣ ಇವನ್ನು ಲಾಟರಿ ಅಂತ ಬಿಟ್ಟುಬಿಡುವವರೂ ಇದ್ದಾರೆ. ಅರ್ಜಿಗೆ ದುಡ್ಡೇನೂ ಬೇಕಿಲ್ಲ, ಒಂದು ಸಂಜೆ ಸಾಕು. ಇವೆಲ್ಲ ಮೊದಲ ವರ್ಷದವರಿಗೆ ಮಾತ್ರ ಅನ್ನುವುದನ್ನು ಮರೆಯಬೇಡಿ. ಎರಡನೇ ವರ್ಷದಲ್ಲಿ ಎಚ್ಚರವಾದರೆ ಬಾಗಿಲು ಮುಚ್ಚಿರುತ್ತದೆ.

ಅಪ್ಪ ಅಮ್ಮ ಯಾರಾದರೂ ಕಟ್ಟಡ ಕಾರ್ಮಿಕರ ಕಾರ್ಡ್ ಹೊಂದಿದ್ದರೆ ಅಥವಾ ಫ್ಯಾಕ್ಟರಿಯಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುತ್ತಿದ್ದರೆ ಕಾರ್ಮಿಕ ಇಲಾಖೆಯ ಎರಡು ಬೇರೆ ಬೇರೆ ಮಂಡಳಿಗಳಿಂದ ಮಕ್ಕಳ ಓದಿಗೆ ನೆರವಿದೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಇ, ಎಂಬಿಬಿಎಸ್‌ಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಅಂತ ಗೊತ್ತುಮಾಡಿದ್ದರು. ಈ ವರ್ಷ ಬಿಡುಗಡೆ ಹೇಗಿದೆ ಅಂತ ಕೃಷಿ ಇಲಾಖೆಯಲ್ಲಿ ಕೇಳಿ ಮುಂದುವರಿಯಿರಿ.

ಸಾಲವೇ ಬೇಕಾದರೆ, ಯಾವ ಸಾಲ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ತಗೊಂಡಿರಿ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಸರಳ ಬಡ್ಡಿ ಹಾಕಿದರೂ ಒಟ್ಟು 1.4 ಲಕ್ಷ. ಕಂತು ಶುರುವಾಗುವ ದಿನ ನಿಮ್ಮ ಸಾಲ 4 ಲಕ್ಷ ಅಲ್ಲ, 5.4 ಲಕ್ಷ. ಹತ್ತು ವರ್ಷಕ್ಕೆ ತೀರಿಸುತ್ತೀರಿ ಅಂದರೆ ತಿಂಗಳಿಗೆ ಸುಮಾರು 7,100 ರೂಪಾಯಿ.

ಈ 1.4 ಲಕ್ಷವನ್ನು ಯಾರು ಹೊರುತ್ತಾರೆ ಅನ್ನುವುದರ ಮೇಲೆ ಸಾಲಗಳನ್ನು ಹೋಲಿಸಬೇಕು.

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಓದಿನ ವರ್ಷಗಳ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿ ಪೂರ್ತಿ ಸರ್ಕಾರದ್ದು. ಕಾಲೇಜಿಗೆ ಅಥವಾ ಕೋರ್ಸಿಗೆ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದೆಯಾ ಅಂತ ಸೇರುವ ಮುಂಚೆ ನೋಡಿ. ಆದಾಯ 4.5ರಿಂದ 8 ಲಕ್ಷದ ನಡುವೆ ಇದ್ದರೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇದೆ. 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ಕಡಿತ. ಮೇಲಿನ ಲೆಕ್ಕದಲ್ಲಿ 1.4 ಲಕ್ಷದಲ್ಲಿ 42,000 ಉಳಿಯುತ್ತದೆ. ಅಡಮಾನ ಬೇಡ, ಜಾಮೀನುದಾರರೂ ಬೇಡ. ಆದರೆ ಇದು ಎಲ್ಲಾ ಕಾಲೇಜಿಗೂ ಇಲ್ಲ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಮೇಲೆ ಆರಿಸಿದ 860 ಸಂಸ್ಥೆಗಳಿಂದ ಶುರುವಾದ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇರಬೇಕು, ಸೀಟು ಮೆರಿಟ್ ಮೇಲೆ ಸಿಕ್ಕಿರಬೇಕು. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಈ ಬಡ್ಡಿ ಕಡಿತ ಸಿಗುವುದಿಲ್ಲ. ಪ್ರಗತಿಯಾ, ಬಡ್ಡಿ ಕಡಿತವಾ ಅನ್ನುವ ಪ್ರಶ್ನೆ ಬಂದರೆ ನಿಮ್ಮ ಸಾಲದ ಮೊತ್ತ ಹಾಕಿ ನೋಡಿ. 4 ಲಕ್ಷದ ಸಾಲಕ್ಕೆ ಉಳಿಯುವುದು 42,000, ಪ್ರಗತಿಯಲ್ಲಿ ಬರುವುದು 2 ಲಕ್ಷ, ಪ್ರಗತಿಯೇ ಮೇಲು. 8 ಲಕ್ಷದ ಸಾಲವಾದರೂ ಉಳಿಯುವುದು 84,000, ಲೆಕ್ಕ ತಿರುಗುವುದಿಲ್ಲ.

ಮೂರನೆಯದು ಅರಿವು ಸಾಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಇನ್ನೂ ಕೆಲವು ಸಮುದಾಯದ ನಿಗಮಗಳು ಕೊಡುತ್ತವೆ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ, ಶೇ 2ರ ದರದಲ್ಲಿ. ಅದೇ 4 ಲಕ್ಷಕ್ಕೆ ಬಡ್ಡಿ 28,000 ಮಾತ್ರ! ಆದಾಯ ಮಿತಿ ನಿಗಮದಿಂದ ನಿಗಮಕ್ಕೆ ಬೇರೆ, ಮೊತ್ತ ಕೋರ್ಸಿನ ಮೇಲೆ. ಅರ್ಜಿ ಕರೆಯುವ ಸಮಯ ಚಿಕ್ಕದು, ಅನುದಾನವೂ ಮಿತ. ನಿಮ್ಮ ಸಮುದಾಯಕ್ಕೆ ನಿಗಮ ಇದ್ದರೆ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಮಾಮೂಲಿ ಬ್ಯಾಂಕ್ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾದರೆ ಸಾಕು. "ನಿಮ್ಮ ಮನೆ ನಮ್ಮ ಬ್ರಾಂಚ್ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್ ಕಳಿಸಿದರೆ ಅದನ್ನೇ ಬರೆದುಕೊಡಿ ಅಂತ ಕೇಳಿ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಇನ್ನು ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷದವರೆಗೆ ವಿನಾಯಿತಿ ಇದೆ ಅಂತ ಆಸೆ ತೋರಿಸುತ್ತಾರೆ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಅರ್ಜಿ ಬೀಳುವುದು ಎಲ್ಲಿ

ಅರ್ಹತೆ ಇದ್ದೂ ದುಡ್ಡು ಬರದಿರುವುದಕ್ಕೆ ಹೆಚ್ಚಿನ ಕಾರಣ ಕಾಗದವೇ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಅದರ ಮೇಲಿನ ಆರ್‌ಡಿ ನಂಬರ್ ಹಾಕಿದಾಗ ಬರುವ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ಸಮೇತ ಹೊಂದಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ, ಪೋರ್ಟಲ್ ತೆರೆದ ಮೇಲೆ ಓಡಾಡಬೇಡಿ. ಪ್ರಮಾಣಪತ್ರ ಮಾಡಿಸುವಾಗ ನಿಜವಾದ ಆದಾಯವನ್ನೇ ಹೇಳಿ. ಅಪ್ಪನ ಸಂಬಳದ ಲೆಕ್ಕ ಒಂದು, ಪ್ರಮಾಣಪತ್ರ ಇನ್ನೊಂದು ಅಂತಾದರೆ ಮುಂದೆ ಸಾಲದ ಅರ್ಜಿಯಲ್ಲಿ ಸಿಕ್ಕಿಬೀಳುತ್ತೀರಿ, ಏಕೆಂದರೆ ಬ್ಯಾಂಕಿನವರಿಗೆ ಅದೇ ಮನೆಯ ಸಂಬಳ ಜಾಸ್ತಿ ಇರಬೇಕು, ಸ್ಕಾಲರ್‌ಶಿಪ್ಪಿಗೆ ಕಡಿಮೆ ಇರಬೇಕು, ಎರಡೂ ಕಡೆ ಕೊಡುವುದು ಒಂದೇ ಆಧಾರ್.

ದುಡ್ಡು ಬರುವುದು ನೀವು ಅರ್ಜಿಯಲ್ಲಿ ಬರೆದ ಅಕೌಂಟಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಆಧಾರ್ ಮೂಲಕ ಬರುವ ದುಡ್ಡು ಹೋಗುವುದು ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆಯಾದ ಎನ್‌ಪಿಸಿಐನಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಅಕೌಂಟಿಗೆ. ಯಾವುದೋ ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಅಕೌಂಟಿನಲ್ಲಿ ಸ್ಕಾಲರ್‌ಶಿಪ್ ಕೂತಿರುವುದು ಹೊಸದೇನಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಬಹುದು, ಬದಲಿಸಬೇಕಾದರೆ ಬೇಕಾದ ಬ್ಯಾಂಕಿನ ಬ್ರಾಂಚಿಗೆ ಹೋಗಿ ಆಧಾರ್ ಜೋಡಣೆಯ (ಸೀಡಿಂಗ್) ಫಾರಂ ಕೊಡಿ.

ಎಸ್‌ಎಸ್‌ಪಿಯಲ್ಲಿ ದಾಖಲೆಗಳ ಇ-ಅಟೆಸ್ಟೇಶನ್, ಅಂದರೆ ಆನ್‌ಲೈನ್ ದೃಢೀಕರಣ, ಆಗಬೇಕು, ಅದಕ್ಕೆ ಕಾಲೇಜಿನಲ್ಲೇ ಒಬ್ಬರು ಅಧಿಕಾರಿ ಇರುತ್ತಾರೆ. ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮೇಲೆ ಕಾಲೇಜು ಪರಿಶೀಲಿಸಿ ಮುಂದೆ ಕಳಿಸಬೇಕು, ಅವರು ಕ್ಲಿಕ್ ಮಾಡದಿದ್ದರೆ ನಿಮ್ಮ ಅರ್ಜಿ ಅಲ್ಲೇ ಸತ್ತಂತೆ. ಹಾಗಾಗಿ ಅರ್ಜಿ ಹಾಕಿ ವಾರದ ಮೇಲೆ ಸ್ಟೇಟಸ್ ನೋಡಿ, ಕಾಲೇಜಿನ ಹಂತದಲ್ಲೇ ನಿಂತಿದ್ದರೆ ಪ್ರಿಂಟ್ ತಗೊಂಡು ಸ್ಕಾಲರ್‌ಶಿಪ್ ಸೆಕ್ಷನ್‌ಗೆ ಹೋಗಿ ನಯವಾಗಿ, ಆದರೆ ಬಿಡದೆ ಕೇಳಿ. ಅರ್ಜಿಯಲ್ಲಿ ತಪ್ಪಿದೆ ಅಂತ ವಾಪಸ್ ಬಂದರೆ ತಿದ್ದಲು ಕೆಲವೇ ದಿನ ಕೊಡುತ್ತಾರೆ. ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಕೊಟ್ಟು ಅರ್ಜಿ ಹಾಕಿಸಿದ್ದರೆ ಆ ಮೆಸೇಜು ನಿಮಗೆ ತಲುಪುವುದೇ ಇಲ್ಲ. ನಂಬರು ನಿಮ್ಮದೇ ಇರಲಿ, ಪಾಸ್‌ವರ್ಡ್ ಕೂಡ.